ಗೆರೆ ಎಳೆಯೋರು ಯಾರು?



ಎಲೆಕ್ಷನ್ ಬಂದಾಗ ನಮ್ಮ ಕೇರಿಗೆ ಜೀಪು ಬರುತ್ತೆ. ಕೈ ಮುಗಿಯೋರು ಬರ್ತಾರೆ. ಯಾರಿಗೆ ಓಟು ಹಾಕಬೇಕು ಅಂತ ನಾವು ಕಟ್ಟೆ ಮೇಲೆ ಕೂತು ರಾತ್ರಿಯೆಲ್ಲ ವಾದ ಮಾಡ್ತೀವಿ. ಆದರೆ ಆ ಓಟಿಗೆ ಎಷ್ಟು ಬೆಲೆ ಅನ್ನೋದು ಎಷ್ಟೋ ವರ್ಷ ಮುಂಚೆಯೇ ತೀರ್ಮಾನ ಆಗಿರುತ್ತೆ. ಎಲ್ಲೋ ಒಂದು ಕೋಣೆಯಲ್ಲಿ ಭೂಪಟ ಹರಡಿಕೊಂಡು, ಈ ಹೋಬಳಿ ಅತ್ತ, ಆ ಹೋಬಳಿ ಇತ್ತ ಅಂತ ಗೆರೆ ಎಳೆದಿರುತ್ತಾರೆ. ಆ ಗೆರೆ ಎಳೆದ ಮೇಲೆ ನಮ್ಮ ಕೇರಿಯ ನೂರು ಓಟು ಒಂದು ಕಡೆ ಗೆಲ್ಲಿಸುವ ಓಟು ಆಗಬಹುದು, ಇನ್ನೊಂದು ಕಡೆ ಲೆಕ್ಕಕ್ಕೇ ಬಾರದ ಓಟು ಆಗಬಹುದು. ಓಟು ಅದೇ, ಜನ ಅವರೇ. ಗೆರೆ ಮಾತ್ರ ಬೇರೆ. ಈ ಕೆಲಸಕ್ಕೆ ಸರ್ಕಾರದ ಕನ್ನಡದಲ್ಲಿ ಕ್ಷೇತ್ರ ಪುನರ್ವಿಂಗಡಣೆ ಅಂತ ಹೆಸರು.

ನಮಗೆ ಗೆರೆ ಹೊಸದಲ್ಲ. ಊರಿಗೂ ಕೇರಿಗೂ ನಡುವೆ ಗೆರೆ. ಬಾವಿಗೆ ಗೆರೆ, ಗುಡಿಗೆ ಗೆರೆ, ಹೋಟ್ಲಿನ ಲೋಟಕ್ಕೆ ಗೆರೆ. ಸ್ಮಶಾನಕ್ಕೂ ಗೆರೆ. ಈ ಗೆರೆಗಳನ್ನು ಎಳೆದೋರು ಯಾರು, ಯಾವ ಹಕ್ಕಿನಿಂದ ಎಳೆದರು ಅಂತ ಕೇಳಿದ್ದರಿಂದಲೇ ಚಳವಳಿ ಹುಟ್ಟಿತು. ಅದೇ ಪ್ರಶ್ನೆಯನ್ನು ಮತಕ್ಷೇತ್ರದ ಗೆರೆಗೂ ಕೇಳಬೇಕಾದ ಕಾಲ ಬಂದಿದೆ.

ಹೇಳಬೇಕಾದ್ದು ಒಂದೇ ಮಾತು. ಗೆರೆ ಎಳೆಯುವ ಕೆಲಸ ಕುರ್ಚಿಯಲ್ಲಿ ಕೂತ ರಾಜಕಾರಣಿಗಳ ಕೈಯಲ್ಲಿ ಇರಬಾರದು. ಬರೀ ಸಾಹೇಬರ ಕೈಯಲ್ಲೂ ಇರಬಾರದು. ಆ ಗೆರೆ ಯಾರ ಮನೆ ಮುಂದೆ ಹಾದು ಹೋಗುತ್ತೋ ಆ ಜನರ ಸ್ವತಂತ್ರ ಆಯೋಗ ಬೇಕು. ಆ ಆಯೋಗದಲ್ಲಿ ಕೇರಿಯವರಿಗೆ ಜಾಗ ಬೇಕು. ಮೂಲೆಯ ಜಾಗ ಅಲ್ಲ, ತೀರ್ಮಾನ ಮಾಡುವ ಜಾಗ.

ನಮ್ಮ ಜಿಲ್ಲೆಯಲ್ಲಿ ನಡೆದದ್ದು

ದೂರದ ಮಾತು ಬೇಡ. ಚಿತ್ರದುರ್ಗವನ್ನೇ ತಗೊಳ್ಳಿ. 2008ಕ್ಕೆ ಮುಂಚೆ ನಮ್ಮ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರ ಇದ್ದವು. ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಭರಮಸಾಗರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಇವುಗಳಲ್ಲಿ ಹಿರಿಯೂರು ಮತ್ತು ಭರಮಸಾಗರ ಪರಿಶಿಷ್ಟ ಜಾತಿಗೆ ಮೀಸಲು. ಹಿರಿಯೂರಿನಿಂದ ಗೆದ್ದ ಕೆ. ಎಚ್. ರಂಗನಾಥ್ ವಿಧಾನಸಭೆಯ ಸ್ಪೀಕರ್ ಕುರ್ಚಿಯವರೆಗೂ ಹೋದರು.

ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2002ರ ಕಾಯ್ದೆಯ ಪ್ರಕಾರ, 2001ರ ಜನಗಣತಿ ಇಟ್ಟುಕೊಂಡು ಹೊಸ ಗೆರೆ ಎಳೆಯಿತು. 2008ರ ಮೇ ತಿಂಗಳಲ್ಲಿ ಆ ಹೊಸ ಗೆರೆಗಳ ಮೇಲೆ ದೇಶದಲ್ಲೇ ಮೊದಲು ಓಟು ಹಾಕಿದ ರಾಜ್ಯ ನಮ್ಮದು. ಆಗ ಏನಾಯಿತು? ಭರಮಸಾಗರ ಕ್ಷೇತ್ರವೇ ಅಳಿಸಿಹೋಯಿತು. ಹಿರಿಯೂರು ಸಾಮಾನ್ಯ ಕ್ಷೇತ್ರ ಆಯಿತು. ಸಾಮಾನ್ಯ ಆಗಿದ್ದ ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮೊಳಕಾಲ್ಮೂರು, ಚಳ್ಳಕೆರೆ ಎರಡೂ ಪರಿಶಿಷ್ಟ ಪಂಗಡಕ್ಕೆ ಹೋದವು. ಚಿತ್ರದುರ್ಗ, ಹೊಸದುರ್ಗ ಸಾಮಾನ್ಯವಾಗಿಯೇ ಉಳಿದವು. ಅಲ್ಲಿಗೆ ಜಿಲ್ಲೆಗೆ ಆರು ಕ್ಷೇತ್ರ, ಪರಿಶಿಷ್ಟ ಜಾತಿಗೆ ಒಂದು.

ರಾಜ್ಯದ ಲೆಕ್ಕ ನೋಡಿದರೆ ಪರಿಶಿಷ್ಟ ಜಾತಿಯ ಮೀಸಲು ಸ್ಥಾನ 33ರಿಂದ 36ಕ್ಕೆ ಏರಿತು. ಪಂಗಡದ್ದು 2ರಿಂದ 15ಕ್ಕೆ ಏರಿತು. ನಮ್ಮ ಜಿಲ್ಲೆಯಲ್ಲಿ ಮಾತ್ರ ಜಾತಿಯ ಸ್ಥಾನ ಎರಡಿದ್ದದ್ದು ಒಂದಕ್ಕೆ ಇಳಿಯಿತು. 2011ರ ಜನಗಣತಿ ಪ್ರಕಾರ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ 23ಕ್ಕಿಂತ ಹೆಚ್ಚು ಜನ ಪರಿಶಿಷ್ಟ ಜಾತಿಯವರು. ಇಡೀ ರಾಜ್ಯದಲ್ಲಿ ಅದು ನೂರಕ್ಕೆ 17. ಅಂದರೆ ನಮ್ಮ ಜನ ಹೆಚ್ಚಿರುವ ಜಿಲ್ಲೆಗಳಲ್ಲಿ ಇದೂ ಒಂದು.

ನ್ಯಾಯವಾಗಿ ಹೇಳಬೇಕಾದ ಎರಡು ಮಾತು ಇವೆ. ಒಂದು, ಅದೇ ಹೊತ್ತಿನಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು. 2009ರಿಂದ ಅಲ್ಲಿ ಗೆದ್ದವರೆಲ್ಲ ಪರಿಶಿಷ್ಟ ಜಾತಿಯವರೇ. ಎರಡು, ನಾಯಕ ಬಂಧುಗಳಿಗೆ ಸಿಕ್ಕ ಎರಡು ಸ್ಥಾನದ ಬಗ್ಗೆ ನಮ್ಮ ತಕರಾರು ಇಲ್ಲ. ಅದು ಅವರಿಗೆ ತಡವಾಗಿ ಸಿಕ್ಕ ನ್ಯಾಯ. "ನಿಮ್ಮದನ್ನು ಅವರು ಕಿತ್ತುಕೊಂಡರು" ಅಂತ ನಮ್ಮ ಕಿವಿ ಊದುವವರು ನಮ್ಮಿಬ್ಬರನ್ನೂ ಜಗಳಕ್ಕೆ ಹಚ್ಚಿ ಮೂರನೆಯ ಸ್ಥಾನವನ್ನೂ ನಾಲ್ಕನೆಯ ಸ್ಥಾನವನ್ನೂ ತಾವೇ ಉಣ್ಣುವವರು. ಅವರ ಮಾತು ಕೇಳಬೇಡಿ.

ನಮ್ಮ ಪ್ರಶ್ನೆ ಬೇರೆ. ಭರಮಸಾಗರ ಯಾಕೆ ಹೋಯಿತು? ಹಿರಿಯೂರು ಯಾಕೆ ಹೋಯಿತು? ಹೊಳಲ್ಕೆರೆ ಯಾಕೆ ಬಂತು? ಆಯೋಗದ ಆದೇಶದಲ್ಲಿ ಯಾವ ಕ್ಷೇತ್ರಕ್ಕೆ ಯಾವ ಊರು ಅನ್ನೋ ಪಟ್ಟಿ ಇದೆ. ಯಾಕೆ ಅನ್ನೋದಕ್ಕೆ ಕೇರಿಯ ಮನುಷ್ಯನಿಗೆ ತಿಳಿಯುವ ಹಾಗೆ ಒಂದು ಸಾಲಿನ ಕಾರಣ ಇಲ್ಲ.

ಗೆರೆ ಮೊದಲು, ಶೇಕಡಾ ಆಮೇಲೆ

ಸಾಹೇಬರನ್ನು ಕೇಳಿದರೆ ಹೀಗೆ ಹೇಳ್ತಾರೆ: "ಇದರಲ್ಲಿ ಯಾರ ಕೈವಾಡವೂ ಇಲ್ಲ. ಕಾನೂನು ಇದೆ. ಪರಿಶಿಷ್ಟ ಜಾತಿಯವರ ಪ್ರಮಾಣ ಹೆಚ್ಚಿರುವ ಕಡೆ, ಆದರೆ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹಂಚಿ ಮೀಸಲು ಮಾಡಬೇಕು. ನಾವು ಶೇಕಡಾ ಲೆಕ್ಕ ಹಾಕಿದ್ದೇವೆ, ಅಷ್ಟೇ."

ಕಾನೂನು ಹಾಗೇ ಇದೆ, ಸುಳ್ಳಲ್ಲ. ಆದರೆ ಶೇಕಡಾ ಎಲ್ಲಿಂದ ಬರುತ್ತೆ? ಗೆರೆಯಿಂದ ಬರುತ್ತೆ. ಮೊದಲು ಗೆರೆ ಎಳೀತಾರೆ. ಆ ಗೆರೆಯೊಳಗೆ ಎಷ್ಟು ಜನ ಸಿಕ್ಕಿದರು ಅಂತ ಆಮೇಲೆ ಎಣಿಸ್ತಾರೆ. ಒಂದು ಹೋಬಳಿಯನ್ನು ಪಕ್ಕದ ಕ್ಷೇತ್ರಕ್ಕೆ ದೂಡಿದರೆ ಇಲ್ಲಿಯ ಶೇಕಡಾ ಇಳಿಯುತ್ತೆ, ಅಲ್ಲಿಯದು ಏರುತ್ತೆ. ಆದ್ದರಿಂದ ಶೇಕಡಾ ತೋರಿಸಿ "ಗೆರೆ ಸರಿಯಾಗಿದೆ" ಅನ್ನೋದು, ತಕ್ಕಡಿ ಹಿಡಿದವನೇ ಕಲ್ಲನ್ನೂ ತಂದ ಹಾಗೆ.

ಲೆಕ್ಕಕ್ಕೆ ಅಂತ ಒಂದು ಮಾತು ಹೇಳ್ತೀನಿ. ಒಂದು ಸೀಮೆಯಲ್ಲಿ ಒಂಬತ್ತು ದೊಡ್ಡ ಕೇರಿಗಳಿವೆ, ಮೂರು ಕ್ಷೇತ್ರ ಮಾಡಬೇಕು ಅಂದುಕೊಳ್ಳಿ. ಒಂದೊಂದು ಕ್ಷೇತ್ರಕ್ಕೆ ಮೂರು ಮೂರು ಕೇರಿ ಹಂಚಿದರೆ ನಾವು ಮೂರು ಕಡೆಯೂ ಚೂರು. ಯಾವ ಪುಢಾರಿಯೂ ನಮಗೆ ಹೆದರಬೇಕಾಗಿಲ್ಲ. ಇದು ಒಡೆಯುವ ಆಟ. ಒಂಬತ್ತನ್ನೂ ಒಂದೇ ಕ್ಷೇತ್ರಕ್ಕೆ ತುರುಕಿದರೆ ಅಲ್ಲಿ ನಾವು ಗಟ್ಟಿ, ಆದರೆ ಉಳಿದ ಎರಡರಲ್ಲಿ ನಮ್ಮ ಹೆಸರು ಎತ್ತುವವರಿಲ್ಲ. ಇದು ತುರುಕುವ ಆಟ. ಐದು ಇಲ್ಲಿ, ನಾಲ್ಕು ಅಲ್ಲಿ ಇಟ್ಟರೆ ಎರಡು ಕಡೆ ನಮ್ಮ ಮಾತಿಗೆ ಬೆಲೆ ಬರಬಹುದು. ಮೂರೂ ಬಗೆಯಲ್ಲಿ ಜನಸಂಖ್ಯೆ ಸಮ ಮಾಡಬಹುದು. ಮೂರನ್ನೂ "ಕಾನೂನಿನ ಪ್ರಕಾರ" ಅನ್ನಬಹುದು. ಹಾಗಾದರೆ ಮೂರರಲ್ಲಿ ಒಂದನ್ನು ಆರಿಸಿದ್ದು ಯಾರು? ಅಲ್ಲಿದೆ ಮರ್ಮ.

ಅಮೆರಿಕದಲ್ಲಿ ಈ ಆಟವನ್ನು ಕಪ್ಪು ಜನರ ಮೇಲೆ ಬಹಿರಂಗವಾಗಿ ಆಡಿದರು. ಅಲಬಾಮಾ ರಾಜ್ಯದಲ್ಲಿ ಟಸ್ಕೀಗಿ ಅಂತ ಒಂದು ಪಟ್ಟಣ. ಅದರ ಎಲ್ಲೆ ಚೌಕಾಕಾರ ಇತ್ತು. ಕಪ್ಪು ಜನ ಓಟಿನ ಪಟ್ಟಿಗೆ ಸೇರಿ ಬಲವಾಗ್ತಾ ಇದ್ದಾರೆ ಅಂತ ಕಂಡಾಗ 1957ರಲ್ಲಿ ಶಾಸನಸಭೆ ಆ ಚೌಕವನ್ನು 28 ಮೂಲೆಯ ವಿಕಾರ ಆಕಾರಕ್ಕೆ ತಿರುಚಿತು. ಸುಮಾರು 400 ಕಪ್ಪು ಓಟುದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಎಲ್ಲರೂ ಪಟ್ಟಣದ ಹೊರಗೆ! ಬಿಳಿಯರು ಒಬ್ಬರೂ ಹೊರಗೆ ಹೋಗಲಿಲ್ಲ. ಯಾರ ಮನೆಯನ್ನೂ ಕೆಡವಲಿಲ್ಲ, ಯಾರನ್ನೂ ಹೊಡೆಯಲಿಲ್ಲ. ಪೆನ್ಸಿಲ್ಲು ಸಾಕಾಯಿತು. 1960ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂದಿತು. ಊರ ಹೊರಗೆ ಇಡೋದು ಅಂದರೇನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ತಾಲ್ಲೂಕು ಒಂದು ಕಡೆ, ಎಂಎಲ್‌ಎ ಒಂದು ಕಡೆ

ಗೆರೆಯ ಇನ್ನೊಂದು ಪೆಟ್ಟು ದಿನನಿತ್ಯದ್ದು. ಭರಮಸಾಗರ ಹೋಬಳಿ ಚಿತ್ರದುರ್ಗ ತಾಲ್ಲೂಕಿನದು, ಎಂಎಲ್‌ಎ ಹೊಳಲ್ಕೆರೆಯವರು. ತುರುವನೂರು ಹೋಬಳಿಯೂ ಚಿತ್ರದುರ್ಗ ತಾಲ್ಲೂಕಿನದೇ, ಎಂಎಲ್‌ಎ ಚಳ್ಳಕೆರೆಯವರು. ನಾಯಕನಹಟ್ಟಿ ಚಳ್ಳಕೆರೆ ತಾಲ್ಲೂಕು, ಎಂಎಲ್‌ಎ ಮೊಳಕಾಲ್ಮೂರಿನವರು. ಜಮೀನಿನ ಖಾತೆಗೆ, ಜಾತಿ ಸರ್ಟಿಫಿಕೇಟಿಗೆ, ಪಿಂಚಣಿಗೆ ಒಂದು ಊರಿಗೆ ಅಲೀಬೇಕು. ಅಲ್ಲಿ ಕೆಲಸ ಆಗದಿದ್ದರೆ ದೂರು ಹೇಳೋಕೆ ಇನ್ನೊಂದು ಊರಿನ ಎಂಎಲ್‌ಎ ಹುಡುಕಬೇಕು. ಕಾರು ಇರೋರಿಗೆ ಇದು ತೊಂದರೆ ಅಲ್ಲ. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ಹೆಣ್ಣುಮಗಳಿಗೆ ಇದು ಎರಡು ದಿನದ ಕೂಲಿ.

ಇನ್ನು ಕೂಡಿ ಇರಬೇಕಾದ್ದು ಯಾವುದು, ಬೇರೆ ಆಗಬೇಕಾದ್ದು ಯಾವುದು ಅನ್ನೋದು ಬರೀ ತಲೆ ಎಣಿಸಿದರೆ ತಿಳಿಯೋದಿಲ್ಲ. ವೇದಾವತಿಗೆ ಅಡ್ಡ ಕಟ್ಟಿದ ವಾಣಿ ವಿಲಾಸ ಸಾಗರ, ಜನ ಕರೆಯೋ ಮಾರಿಕಣಿವೆ, ಹಿರಿಯೂರು ತಾಲ್ಲೂಕಿನಲ್ಲಿದೆ. ನೀರು ಕೆಳಗೆ ಹರಿಯೋದು ಹಿರಿಯೂರಿನ ಗದ್ದೆ ತೋಟಕ್ಕೆ. ಕೆರೆ ತುಂಬಿದಾಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ಕಡೆಗೆ ಏರುತ್ತೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಒಂದೇ ನೀರು. ಒಬ್ಬರಿಗೆ ಪೈರು, ಇನ್ನೊಬ್ಬರಿಗೆ ಮುಳುಗಡೆ. ಇಂಥದ್ದು ಗೊತ್ತಿರೋದು ಅಲ್ಲಿ ಬದುಕುವವರಿಗೆ. ಯಾವ ಹಟ್ಟಿ ಯಾವ ಸಂತೆಗೆ ಹೋಗುತ್ತೆ, ಯಾವ ಕೇರಿಯ ಮಕ್ಕಳು ಯಾವ ಹಾಸ್ಟೆಲಿನಲ್ಲಿ ಇದ್ದಾರೆ, ಯಾವ ಊರಿನ ಓಟಿನ ಬೂತಿಗೆ ನಮ್ಮವರು ಹೋಗೋಕೆ ಹೆದರ್ತಾರೆ, ಇದು ಭೂಪಟದಲ್ಲಿ ಇರೋದಿಲ್ಲ. ಹೇಳುವವರು ಬೇಕು, ಕೇಳಿಸಿಕೊಳ್ಳುವವರು ಬೇಕು.

ಈಗಿನ ಆಯೋಗದಲ್ಲಿ ಯಾರಿದ್ದಾರೆ?

ನಮ್ಮ ದೇಶದ ಪದ್ಧತಿ ಪೂರ್ತಿ ಕೆಟ್ಟದ್ದು ಅನ್ನಲಾರೆವು. 1950-51ರಲ್ಲಿ ಮೊದಲ ಗೆರೆಗಳನ್ನು ರಾಷ್ಟ್ರಪತಿಗಳ ಆದೇಶದಿಂದ ಎಳೆದರು. ಅದಕ್ಕೆ ಸಲಹೆ ಕೊಟ್ಟದ್ದು ಪಾರ್ಲಿಮೆಂಟಿನ ಸದಸ್ಯರ ಸಮಿತಿಗಳು, ತಿದ್ದಿದ್ದು ಪಾರ್ಲಿಮೆಂಟು. ನಿಲ್ಲುವವರೇ ತಾವು ನಿಲ್ಲುವ ಕ್ಷೇತ್ರ ಬರೆದುಕೊಂಡ ಹಾಗಾಯಿತು. ಈ ಕೊರತೆ ಕಂಡೇ 1952ರಲ್ಲಿ ಬೇರೆ ಆಯೋಗದ ಕಾಯ್ದೆ ಬಂತು. ಆಮೇಲೆ 1962, 1972, 2002ರ ಕಾಯ್ದೆಗಳು. ಆಯೋಗದ ಆದೇಶವನ್ನು ಪಾರ್ಲಿಮೆಂಟು ತಿದ್ದುವ ಹಾಗಿಲ್ಲ. ಇದು ಒಳ್ಳೆಯದೇ.

ಆದರೆ 2002ರ ಕಾಯ್ದೆಯ ಆಯೋಗದಲ್ಲಿ ಕೂತವರು ಯಾರು? ಒಬ್ಬರು ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರು. ಒಬ್ಬರು ಚುನಾವಣಾ ಆಯೋಗದವರು. ಒಬ್ಬರು ರಾಜ್ಯ ಚುನಾವಣಾ ಆಯುಕ್ತರು. ಮೂರು ಜನ. ಇವರಿಗೆ ನೆರವು ಕೊಡಲು ಪ್ರತಿ ರಾಜ್ಯದಿಂದ ಹತ್ತು ಜನ: ಐವರು ಎಂಪಿಗಳು, ಐವರು ಎಂಎಲ್‌ಎಗಳು. ಅವರಿಗೆ ತೀರ್ಮಾನದ ಓಟು ಇಲ್ಲ, ನಿಜ. ಆದರೆ ಕರಡು ಮೊದಲು ನೋಡುವವರು ಅವರು. ಕೋಣೆಯೊಳಗೆ ಮಾತಾಡುವವರು ಅವರು. ಯಾರಿಗೆ ಗೆರೆಯಿಂದ ಲಾಭವೋ ನಷ್ಟವೋ ಅವರೇ ಸಲಹೆಗಾರರು. ಕರಡು ಗೆಜೆಟ್ಟಿನಲ್ಲಿ ಬಂದ ಮೇಲೆ ಜನ ಆಕ್ಷೇಪ ಬರೆಯಬಹುದು, ಬಹಿರಂಗ ಸಭೆಯಲ್ಲಿ ಮಾತಾಡಬಹುದು. ಗೆಜೆಟ್ಟು ಓದುವ ಕೇರಿ ಯಾವುದು ಹೇಳಿ? ಭೂಪಟ ತಿಳಿದ ವಕೀಲ, ಹಣ ಇರುವ ಪುಢಾರಿ, ಅವರು ಹೋಗ್ತಾರೆ. ನಮ್ಮ ಜನಕ್ಕೆ ಗೆರೆ ಗೊತ್ತಾಗೋದು ಓಟಿನ ಚೀಟಿ ಕೈಗೆ ಬಂದಾಗ.

ಕೋರ್ಟಿಗೆ ಹೋಗೋಣ ಅಂದರೆ ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತೆ. ಮೇಘರಾಜ್ ಕೊಠಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಯೋಗದ ಆದೇಶ ಕಾನೂನೇ, ಪ್ರಶ್ನಿಸುವ ಹಾಗಿಲ್ಲ ಅಂದಿತು. 2024ರಲ್ಲಿ ಗುಜರಾತಿನ ಬಾರ್ಡೋಲಿ ಮೊಕದ್ದಮೆಯಲ್ಲಿ ಆ ಬಾಗಿಲು ಸ್ವಲ್ಪ ತೆರೆಯಿತು: ಆದೇಶ ತೀರಾ ಮನಸೋಇಚ್ಛೆಯದಾಗಿ ಸಂವಿಧಾನದ ಮೌಲ್ಯಕ್ಕೆ ವಿರುದ್ಧ ಇದ್ದರೆ ಕೋರ್ಟು ನೋಡಬಹುದು ಅಂತ. ಒಂದು ವಿಷಯ ಗಮನಿಸಿ. ಉಜ್ಜಯಿನಿಯ ಕೊಠಾರಿ ಹೋದದ್ದೂ, ಬಾರ್ಡೋಲಿಯವರು ಹೋದದ್ದೂ "ನಮ್ಮ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯ್ತಲ್ಲ" ಅನ್ನೋ ತಕರಾರಿಗೆ. ತೆರೆದ ಬಾಗಿಲಲ್ಲಿ ಮೊದಲು ನುಗ್ಗುವವರು ಯಾರು ಅಂತ ಇದರಿಂದಲೇ ತಿಳೀರಿ.

ಜಿಲ್ಲಾ ಪಂಚಾಯ್ತಿಯ ಕಥೆ

ಕೆಳಗಿನ ಹಂತದಲ್ಲಿ ಇನ್ನೂ ಕಷ್ಟ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ ಕರ್ನಾಟಕದಲ್ಲಿ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. 2021ಕ್ಕೆ ಅವಧಿ ಮುಗಿಯಿತು. ಆ ವರ್ಷವೇ ಸರ್ಕಾರ ಕಾಯ್ದೆ ತಿದ್ದಿ, ಕ್ಷೇತ್ರದ ಗೆರೆ ಎಳೆಯುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಹೊಸದೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಅದರ ತಲೆಯಾಗಿ ನಿವೃತ್ತ ಐಎಎಸ್ ಅಧಿಕಾರಿ. ಗೆರೆ, ಮೀಸಲು ಪಟ್ಟಿ, ಕೋರ್ಟು, ವಾಯಿದೆ ಅಂತ ವರ್ಷ ವರ್ಷ ಉರುಳಿ 2024 ಮುಗಿದರೂ ಚುನಾವಣೆ ಆಗಲಿಲ್ಲ.

ಇದರಿಂದ ಯಾರಿಗೆ ಪೆಟ್ಟು? ಎಂಎಲ್‌ಎಗೆ ಅಲ್ಲ, ಅವರಿಗೆ ಇನ್ನೂ ಸಲೀಸು. ಅಧಿಕಾರಿಗೆ ಅಲ್ಲ, ಅವರೇ ಆಡಳಿತಾಧಿಕಾರಿ. ಪೆಟ್ಟು ಬಿದ್ದದ್ದು ಮೀಸಲಿನಲ್ಲಿ ಗೆದ್ದು ಜಿಲ್ಲಾ ಪಂಚಾಯ್ತಿಯ ಮೇಜಿನ ಮುಂದೆ ಕೂರುತ್ತಿದ್ದ ನಮ್ಮ ಗಂಡಸರು ಹೆಂಗಸರಿಗೆ. ಕೇರಿಯ ನೀರು, ಶಾಲೆ, ರಸ್ತೆಯ ಮಾತೆತ್ತುವ ಬಾಯಿಗೆ ಬೀಗ ಬಿತ್ತು. ಗೆರೆ ಎಳೆಯುವ ಅಧಿಕಾರ ಸರ್ಕಾರದ ಕೈಗೆ ಹತ್ತಿರ ಬಂದರೆ, ಕೆಟ್ಟ ಗೆರೆ ಎಳೆಯೋದು ಒಂದು ಅಪಾಯ. ಗೆರೆಯನ್ನೇ ಎಳೆಯದೆ ಕೂರೋದು ಇನ್ನೊಂದು.

ನಾಗರಿಕರ ಆಯೋಗ ಅಂದರೆ ಏನು?

ಬೇರೆ ದೇಶದಲ್ಲಿ ಜನ ಏನು ಮಾಡಿದರು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಜನರೇ ಓಟು ಹಾಕಿ ಗೆರೆ ಎಳೆಯುವ ಅಧಿಕಾರವನ್ನು ಶಾಸಕರಿಂದ ಕಿತ್ತುಕೊಂಡರು. ಅಲ್ಲಿ 14 ಜನ ಸಾಮಾನ್ಯ ನಾಗರಿಕರ ಆಯೋಗ. ಒಂದು ದೊಡ್ಡ ಪಕ್ಷದ 5, ಇನ್ನೊಂದರ 5, ಎರಡಕ್ಕೂ ಸೇರದ 4. ಯಾರು ಬೇಕಾದರೂ ಅರ್ಜಿ ಹಾಕಬಹುದು. ಲೆಕ್ಕ ತಪಾಸಣೆಯ ಅಧಿಕಾರಿಗಳು ಸೋಸಿ 60 ಹೆಸರು ಇಡ್ತಾರೆ. ಶಾಸಕಾಂಗದ ಮುಖಂಡರು ಕೆಲವು ಹೆಸರು ಹೊಡೆದುಹಾಕಬಹುದು, ಸೇರಿಸುವ ಹಾಗಿಲ್ಲ. ಮೊದಲ 8 ಜನರನ್ನು ಚೀಟಿ ಎತ್ತಿ ಆರಿಸ್ತಾರೆ, ಆ ಎಂಟು ಜನ ಉಳಿದ 6 ಜನರನ್ನು ಆರಿಸ್ತಾರೆ. ಸಭೆಗಳೆಲ್ಲ ಬಹಿರಂಗ. ಕೂಡಿ ಬಾಳುವ ಸಮುದಾಯವನ್ನು ಆದಷ್ಟೂ ಒಡೆಯಬಾರದು ಅನ್ನೋದು ಅಲ್ಲಿ ಕಾನೂನು. 2018ರಲ್ಲಿ ಮಿಷಿಗನ್ ರಾಜ್ಯದ ಜನ 13 ಮಂದಿಯ ಇಂಥದೇ ಆಯೋಗ ತಂದರು. ಅಲ್ಲೂ ಚೀಟಿ ಎತ್ತುವುದೇ.

ಕೇಳಿದರೆ ಆಸೆ ಆಗುತ್ತೆ. ಆದರೆ ನಾವು ಕಣ್ಣು ಮುಚ್ಚಿ ಕುಣಿಯಬಾರದು. ಅದೇ ಮಿಷಿಗನ್ನಿನಲ್ಲಿ ನಾಗರಿಕರೇ ಎಳೆದ ಗೆರೆಗಳು ಡೆಟ್ರಾಯಿಟ್ ನಗರದ ಕಪ್ಪು ಜನರನ್ನು ಚೂರು ಮಾಡಿ ಹೊರಗಿನ ಬಿಳಿ ಬಡಾವಣೆಗಳ ಜೊತೆ ಸೇರಿಸಿದವು. 2023ರ ಡಿಸೆಂಬರಿನಲ್ಲಿ ಕೋರ್ಟು 13 ಕ್ಷೇತ್ರಗಳನ್ನು ಮತ್ತೆ ಬರೆಯಿರಿ ಅಂತ ಹೇಳಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ನವೆಂಬರಿನಲ್ಲಿ ಟೆಕ್ಸಾಸಿನವರ ಗೆರೆ ಆಟಕ್ಕೆ ಎದುರೇಟು ಅಂತ ಹೇಳಿ, ಆಯೋಗ ಎಳೆದ ಕಾಂಗ್ರೆಸ್ ಕ್ಷೇತ್ರಗಳ ಗೆರೆಯನ್ನು ಕೆಲವು ವರ್ಷಗಳ ಮಟ್ಟಿಗೆ ಪಕ್ಕಕ್ಕೆ ಇಟ್ಟು, ಶಾಸಕಾಂಗದ ಗೆರೆಗೆ ಜನರಿಂದಲೇ ಒಪ್ಪಿಗೆ ಪಡೆದರು.

ಇದರಿಂದ ಕಲಿಯಬೇಕಾದ್ದು ಎರಡು. ಒಂದು, ಆಯೋಗಕ್ಕೆ ಕಾಯ್ದೆ ಸಾಲದು, ಕಾಯುವ ಜನ ಬೇಕು. ಎರಡು, "ನಾಗರಿಕ" ಅನ್ನೋ ಪದಕ್ಕೆ ಮರುಳಾಗಬಾರದು. ನಮ್ಮ ದೇಶದಲ್ಲಿ ನಾಗರಿಕರು ಅಂತ ಹತ್ತು ಜನರನ್ನು ಕರೆದರೆ ಬರೋರು ಯಾರು? ನಿವೃತ್ತ ಸಾಹೇಬರು, ಪ್ರೊಫೆಸರು, ಮಠಕ್ಕೆ ಹತ್ತಿರದವರು, ಇಂಗ್ಲಿಷ್ ಬಲ್ಲವರು. ಹತ್ತರಲ್ಲಿ ಒಂಬತ್ತು ಮೇಲಿನ ಜಾತಿ. ಅಂಥ ಆಯೋಗ ಗೌಡರ ಚಾವಡಿಯ ಹೊಸ ಹೆಸರು ಅಷ್ಟೇ. ನಾಗರಿಕರ ಆಯೋಗ ಬೇಕು. ಆದರೆ ನಾಗರಿಕರು ಅಂದರೆ ನಾವೂ ಅಂತ ಕಾಯ್ದೆಯಲ್ಲೇ ಬರೆದಿರಬೇಕು.

ಬಾಬಾಸಾಹೇಬರು ಕಂಡ ಗೆರೆ

ಬಾಬಾಸಾಹೇಬರ ಬದುಕಿನಲ್ಲೇ ಗೆರೆಯ ಪೆಟ್ಟು ಇದೆ. 1946ರಲ್ಲಿ ಅವರು ಸಂವಿಧಾನ ಸಭೆಗೆ ಬಂಗಾಳದಿಂದ ಆರಿಸಿ ಬಂದರು. ದೇಶ ಭಾಗವಾಗಿ ಬಂಗಾಳದ ಮೇಲೆ ಗೆರೆ ಬಿದ್ದಾಗ ಆ ಸ್ಥಾನ ಹೋಯಿತು. ಮತ್ತೆ ಮುಂಬೈ ಪ್ರಾಂತದಿಂದ ಬರಬೇಕಾಯಿತು. ಸಂವಿಧಾನ ಬರೆದ ಮೇಲೂ 1952ರಲ್ಲಿ ಉತ್ತರ ಮುಂಬೈಯಲ್ಲಿ ಸೋಲಿಸಿದರು, 1954ರಲ್ಲಿ ಭಂಡಾರಾದಲ್ಲಿ ಸೋಲಿಸಿದರು. ಮೀಸಲು ಸ್ಥಾನ ಇದ್ದರೂ ಗೆಲ್ಲಿಸುವ ಓಟು ಬೇರೆಯವರ ಕೈಯಲ್ಲಿ ಇದ್ದರೆ ಏನಾಗುತ್ತೆ ಅಂತ ಇದಕ್ಕಿಂತ ಸಾಕ್ಷಿ ಬೇಕೆ? 1932ರ ಪುಣೆ ಒಪ್ಪಂದದಲ್ಲಿ ಮೊದಲು ನಮ್ಮವರೇ ನಾಲ್ಕು ಜನರನ್ನು ಆರಿಸಿ ಆಮೇಲೆ ಎಲ್ಲರೂ ಓಟು ಹಾಕುವ ಏರ್ಪಾಟಾದರೂ ಇತ್ತು. 1950ರ ನಂತರ ಅದೂ ಇಲ್ಲ.

ಹಾಗಾಗಿ ಮೀಸಲು ಕ್ಷೇತ್ರ ಸಿಕ್ಕಿತು ಅಂದ ಕೂಡಲೇ ಕೆಲಸ ಮುಗಿಯಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಎಂಪಿ ಎ. ನಾರಾಯಣಸ್ವಾಮಿ ತಮ್ಮದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತ ಅನ್ನೋ ಕಾರಣಕ್ಕೆ ಒಳಗೆ ಬಿಡಲಿಲ್ಲ. ದೇಶಕ್ಕೆಲ್ಲ ಗೊತ್ತಾದ ಸಂಗತಿ ಇದು. ಅವರ ಪಕ್ಷ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಆಯೋಗದ ಗೆರೆ ಆ ಕ್ಷೇತ್ರವನ್ನು ಮೀಸಲು ಮಾಡಿತ್ತು, ಹಟ್ಟಿಯ ಗೆರೆ ಹಾಗೇ ಉಳಿದಿತ್ತು. ಒಂದು ಗೆರೆಯನ್ನು ಸರಿಯಾಗಿ ಎಳೆಸಬೇಕು, ಇನ್ನೊಂದನ್ನು ಅಳಿಸಬೇಕು. ಎರಡೂ ಒಂದೇ ಹೋರಾಟ.

ಈಗ ಯಾಕೆ ಈ ಮಾತು?

1976ರಲ್ಲಿ 42ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು ಬಿಗಿದು ಕಟ್ಟಿತು. 2001ರ 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿತು. 2025ರ ಜೂನಿನ ಅಧಿಸೂಚನೆಯಲ್ಲಿ ಜನಗಣತಿಗೆ 2027ರ ಮಾರ್ಚ್ 1ನೇ ತಾರೀಖು ಗೊತ್ತುಮಾಡಿದರು, ಜಾತಿಯನ್ನೂ ಎಣಿಸ್ತೀವಿ ಅಂದರು. 2023ರ 106ನೇ ತಿದ್ದುಪಡಿ ಹೆಂಗಸರಿಗೆ ಮೂರರಲ್ಲಿ ಒಂದು ಸ್ಥಾನ ಅಂತ ಹೇಳಿ, ಅದನ್ನೂ ಹೊಸ ಗೆರೆಗೆ ಗಂಟು ಹಾಕಿತು. ಪರಿಶಿಷ್ಟರ ಸ್ಥಾನಗಳೊಳಗೂ ಮೂರರಲ್ಲಿ ಒಂದು ನಮ್ಮ ಹೆಣ್ಣುಮಕ್ಕಳಿಗೆ. ಅಂದರೆ ಬರುವ ಗೆರೆ ಒಂದು ತಲೆಮಾರಿನ ಗೆರೆ.

2025ರ ಮಾರ್ಚಿನಲ್ಲಿ ದಕ್ಷಿಣದ ನಾಯಕರು ಚೆನ್ನೈಯಲ್ಲಿ ಸೇರಿ, ಉತ್ತರಕ್ಕೆ ಸ್ಥಾನ ಹೆಚ್ಚಿ ನಮಗೆ ಕಡಿಮೆ ಆಗುತ್ತೆ ಅಂತ ದನಿ ಎತ್ತಿದರು. ಆ ಭಯಕ್ಕೆ ಅರ್ಥ ಇದೆ. ಆದರೆ ಕರ್ನಾಟಕಕ್ಕೆ ಎಷ್ಟು ಸ್ಥಾನ ಅಂತ ಕೇಳುವ ನಾಯಕರು, ಕರ್ನಾಟಕದ ಒಳಗೆ ಗೆರೆ ಯಾರು ಎಳೀತಾರೆ ಅಂತಲೂ ಕೇಳಬೇಕು. ದೆಹಲಿಯ ಮುಂದೆ ನ್ಯಾಯ ಕೇಳೋರು ಕೇರಿಯ ಮುಂದೆ ನ್ಯಾಯ ಕೊಡಬೇಕಲ್ಲ?

ನಾವು ಕೇಳಬೇಕಾದ್ದು:

1. ಆಯೋಗದಲ್ಲಿ ನ್ಯಾಯಾಧೀಶರು, ಚುನಾವಣಾ ಅಧಿಕಾರಿಗಳ ಜೊತೆಗೆ ಪ್ರತಿ ರಾಜ್ಯಕ್ಕೂ ಓಟಿನ ಅಧಿಕಾರ ಇರುವ ನಾಗರಿಕ ಸದಸ್ಯರು ಬೇಕು. ಎಂಪಿ, ಎಂಎಲ್‌ಎ, ಪಕ್ಷದ ಪದಾಧಿಕಾರಿ, ಅವರ ಹತ್ತಿರದ ನೆಂಟರು ಆಗಬಾರದು. ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಆರಿಸಬೇಕು.

2. ಆ ಚೀಟಿ ಎತ್ತುವಾಗ ಪರಿಶಿಷ್ಟ ಜಾತಿ, ಪಂಗಡ, ಅಲ್ಪಸಂಖ್ಯಾತರು, ಹೆಂಗಸರಿಗೆ ಬೇರೆ ಬೇರೆ ಗಡಿಗೆ ಇರಬೇಕು. ಕರ್ನಾಟಕದ ಪಟ್ಟಿಯಲ್ಲಿ 101 ಪರಿಶಿಷ್ಟ ಜಾತಿಗಳಿವೆ. ಮಾದಿಗ, ಹೊಲೆಯ, ಲಂಬಾಣಿ, ಭೋವಿ, ಕೊರಮ, ಕೊರಚ, ಅಲೆಮಾರಿ, ಯಾರ ದನಿಯೂ ಇನ್ನೊಬ್ಬರ ದನಿಯಲ್ಲಿ ಮುಳುಗಬಾರದು.

3. ಕರಡು ಭೂಪಟ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯ್ತಿ ಗೋಡೆಗೆ ಬರಬೇಕು. ತಮಟೆ ಹೊಡೆಸಿ ಸಾರಬೇಕು. ಕೇರಿಯಲ್ಲೂ ಸಾರಬೇಕು.

4. ಬಹಿರಂಗ ಸಭೆ ಬೆಂಗಳೂರಿನಲ್ಲಿ ಅಲ್ಲ, ತಾಲ್ಲೂಕಿನಲ್ಲಿ ನಡೀಬೇಕು. ಹಿರಿಯೂರಿನ ಮಾತನ್ನು ಹಿರಿಯೂರಿನಲ್ಲಿ ಕೇಳಬೇಕು.

5. ಒಂದೊಂದು ಗೆರೆಗೂ ಒಂದೊಂದು ಮೀಸಲಿಗೂ ಬರೆದ ಕಾರಣ ಕೊಡಬೇಕು. ಕ್ಷೇತ್ರ ಅಳಿಸಿದರೆ, ಮೀಸಲು ತೆಗೆದರೆ, ಯಾಕೆ ಅಂತ ಹೇಳಬೇಕು.

6. ಜಿಲ್ಲಾ, ತಾಲ್ಲೂಕು, ಗ್ರಾಮ ಪಂಚಾಯ್ತಿಗಳಿಗೂ ಇದೇ ನಿಯಮ. ಗೆರೆಯ ನೆಪದಲ್ಲಿ ಚುನಾವಣೆ ನಿಲ್ಲಿಸಬಾರದು. ವಾಯಿದೆ ಮುಗಿದರೆ ಹಳೆ ಗೆರೆಯಲ್ಲೇ ಓಟು ನಡೀಬೇಕು.

ಕೇಳಿದ ಕೂಡಲೇ ಕೊಡ್ತಾರೆ ಅಂತ ಕೂರಬೇಡಿ. ಕೊಡದಿದ್ದರೂ ನಮ್ಮ ಕೆಲಸ ಇದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗೆಳೆಯರು ಒಂದೊಂದು ಹೋಬಳಿಗೆ ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಯಾವ ಊರು, ಯಾವ ಕೇರಿ, ಎಷ್ಟು ಮನೆ. ಓಟಿನ ಬೂತು ಎಲ್ಲಿದೆ, ಯಾರ ಬೀದಿಯಲ್ಲಿದೆ. ತಾಲ್ಲೂಕು ಆಫೀಸು ಎಷ್ಟು ದೂರ, ಬಸ್ಸು ಇದೆಯೋ ಇಲ್ಲವೋ. ಸಂತೆ ಯಾವುದು, ಆಸ್ಪತ್ರೆ ಯಾವುದು, ಹೈಸ್ಕೂಲು ಯಾವುದು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಬರೆದುಕೊಳ್ಳಲಿ, ಹಿರಿಯರು ಹೇಳಲಿ. ಇದನ್ನೆಲ್ಲ ಜೋಡಿಸಿದರೆ ನಮ್ಮದೇ ಒಂದು ಭೂಪಟ ಆಗುತ್ತೆ. ಆಯೋಗ ಕರಡು ಹೊರಡಿಸಿ ಆಕ್ಷೇಪಕ್ಕೆ ದಿನ ಗೊತ್ತುಮಾಡಿದಾಗ ಹುಡುಕಾಡಬೇಕಾಗಿಲ್ಲ. ನೂರು ಭಾಷಣಕ್ಕಿಂತ ಆ ಒಂದು ಹಾಳೆ ಭಾರ.

ಜನಗಣತಿಯವರು ಮನೆಗೆ ಬಂದಾಗ ಕೇರಿಯ ಒಂದು ಮನೆಯೂ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ. ಗುಳೆ ಹೋದವರ ಹೆಸರು, ಗುಡಿಸಲಿನವರ ಹೆಸರು, ಅಲೆಮಾರಿ ಬಿಡಾರದವರ ಹೆಸರು ಬರೆಸಿ. ಎಣಿಕೆಗೆ ಸಿಗದವರು ಗೆರೆಗೂ ಸಿಗೋದಿಲ್ಲ.

ಪೆನ್ಸಿಲ್ಲು ಸಣ್ಣದು, ಬಂಧುಗಳೇ. ಅದು ಯಾರ ಕೈಯಲ್ಲಿದೆ ಅನ್ನೋದು ಸಣ್ಣದಲ್ಲ. ಈ ಸಂಚಿಕೆ ಓದಿದವರು ಓದು ಬಾರದ ಒಬ್ಬರಿಗೆ ಓದಿ ಹೇಳಿ. ಮುಂದಿನ ಸಭೆಗೆ ನಿಮ್ಮ ಹೋಬಳಿಯ ನೋಟ್‌ಬುಕ್ಕು ತನ್ನಿ.

ಜೈ ಭೀಮ್.